ಸ್ತ್ರೀಯರ ಗೌರವಸಂಬೋಧನೆ: ತೆಲುಗು, ಜರ್ಮನ್, ಕನ್ನಡ

ಉಪ್ಪಲ್‌ನಲ್ಲಿ ನೆಲೆಸಿದ ಕನ್ನಡ ಮನೆಯಲ್ಲಿ, ತೆಲುಗಿನ ನಡುವೆ ಆಡಿ ಬೆಳೆದ ಮಗುವೊಂದು ‘ಅತ್ತೆ ಬಂತು’ ಎಂದರೆ ಹಿರಿಯರು ಗದರಿಸಿಯಾರು. ಮಗುವಿನಲ್ಲಿ ಅವಿನಯವಿಲ್ಲ, ಅದು ತೆಲುಗಿನ ವ್ಯಾಕರಣವನ್ನು ಕನ್ನಡಕ್ಕೆ ತಂದಿದೆ, ಅಷ್ಟೆ. ತೆಲುಗಿನ ಏಕವಚನ ಕ್ರಿಯಾಪದದಲ್ಲಿ ಸ್ತ್ರೀಗೂ ನಪುಂಸಕಕ್ಕೂ ಒಂದೇ ಪ್ರತ್ಯಯ. ‘ಆಮೆ ವಚ್ಚಿಂದಿ’, ‘ಬಂಡಿ ವಚ್ಚಿಂದಿ’. ಪುರುಷನಿಗೆ ಮಾತ್ರ ‘ವಚ್ಚಾಡು’. ಆದರೆ ಹೆಸರಿಗೆ ‘ಗಾರು’ ಸೇರಿ ಕ್ರಿಯಾಪದವು ‘ವಚ್ಚಾರು’ ಎಂದಾದೊಡನೆ ಈ ಭೇದವೆಲ್ಲ ಅಳಿದುಹೋಗುತ್ತದೆ. ಕನ್ನಡದ ‘ಅವರು ಬಂದರು’ ಎಂಬಲ್ಲಿಯೂ ಹಾಗೆಯೇ: ಗೌರವ ಬಂದಲ್ಲಿ ಹೆಣ್ಣು ಗಂಡೆಂಬ ಗುರುತು ನಿಲ್ಲದು.

ಉಪ್ಪಲ್‌ಗೆ ಸಮೀಪದ ತಾರ್ನಾಕದಲ್ಲಿರುವ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಕಲಿಯಹೊರಟ ಕನ್ನಡಿಗನಿಗೆ ಇದೇ ತೊಡಕು ಮತ್ತೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ನಪುಂಸಕಲಿಂಗದ ಶಬ್ದ. ಕುಮಾರಿ ಎಂಬರ್ಥದ ‘ಫ್ರಾಯ್ಲೈನ್’ ಕೂಡ ನಪುಂಸಕವೇ. ಚಿಕ್ಕದೆಂದು ಸೂಚಿಸುವ ಪ್ರತ್ಯಯ ಹತ್ತಿದ ಶಬ್ದಗಳೆಲ್ಲ ಆ ಭಾಷೆಯಲ್ಲಿ ನಪುಂಸಕವಾಗುತ್ತವೆ. ಎದುರಿನವರನ್ನು ಗೌರವಿಸುವ ಸರ್ವನಾಮ ‘ಜೀ’ (ಹಿಂದಿಯ ‘ಜೀ’ಗೂ ಇದಕ್ಕೂ ಸಂಬಂಧವಿಲ್ಲ) ಮೂಲತಃ ಪ್ರಥಮಪುರುಷ ಬಹುವಚನ. ಎದುರಿಗೆ ಕುಳಿತವರನ್ನೇ ‘ಅವರು ಬರುತ್ತಾರೆಯೇ?’ ಎಂದು ಕೇಳಿದಂತೆ. ನಮ್ಮ ‘ತಾವು’ ಕೂಡ ಮೊದಲು ಪ್ರಥಮಪುರುಷದ ಆತ್ಮಾರ್ಥಕ ಸರ್ವನಾಮವಾಗಿದ್ದುದನ್ನು ನೆನೆದರೆ ಈ ವಕ್ರತೆ ಅಪರಿಚಿತವೆನಿಸದು.

ಜರ್ಮನ್ ಸಂಬೋಧನೆಯ ನಿಜವಾದ ಇತಿಹಾಸ ‘ಫ್ರೌ’, ‘ಫ್ರಾಯ್ಲೈನ್’ ಎಂಬ ಎರಡು ಬಿರುದುಗಳಲ್ಲಿದೆ. ಮಧ್ಯಯುಗದಲ್ಲಿ ಫ್ರೌ ಎಂದರೆ ಕುಲೀನ ಒಡತಿ. ಕಾಲಾಂತರದಲ್ಲಿ ಅದು ಯಾವ ಸ್ತ್ರೀಗೂ, ಯಾವ ಪತ್ನಿಗೂ ಸಲ್ಲುವ ಮಾತಾಯಿತು. ಫ್ರಾಯ್ಲೈನ್ ಸಹ ಮೊದಲು ಅವಿವಾಹಿತ ಕುಲೀನೆಗೆ ಮೀಸಲು. ಗಯಟೆಯ ‘ಫೌಸ್ಟ್’ ನಾಟಕದ ಮೊದಲ ಭಾಗದಲ್ಲಿ (1808) ಸಾಮಾನ್ಯ ಮನೆತನದ ಗ್ರೆಟ್ಶೆನ್ ತನಗೆ ಆ ಸಂಬೋಧನೆ ಒಪ್ಪದೆಂದು ತಳ್ಳಿಹಾಕುವುದು ಇದರಿಂದಲೇ. ಮುಂದೆ ಅದು ಮದುವೆಯಾಗದ ಎಲ್ಲ ಹೆಂಗಸರಿಗೂ ಅಂಟಿಕೊಂಡಿತು. ಮದುವೆಯಾದರೆ ಶಿಕ್ಷಕಿ ಹುದ್ದೆ ಬಿಡಬೇಕೆಂಬ ನಿಯಮ ಅಲ್ಲಿ ಬಹುಕಾಲವಿದ್ದುದರಿಂದ ಶಾಲೆಯ ಮಕ್ಕಳ ಬಾಯಲ್ಲಿ ಶಿಕ್ಷಕಿಗೆ ಅದೇ ಹೆಸರು. ಐವತ್ತು ವರ್ಷದ ಶಿಕ್ಷಕಿಯೂ ವ್ಯಾಕರಣದ ದೃಷ್ಟಿಯಿಂದ ನಪುಂಸಕವೇ ಆದಳು! 1972ರಲ್ಲಿ ಪಶ್ಚಿಮ ಜರ್ಮನಿಯ ಒಳಾಡಳಿತ ಸಚಿವಾಲಯವು ಸರಕಾರಿ ವ್ಯವಹಾರದಲ್ಲಿ ವಯಸ್ಕ ಸ್ತ್ರೀಯರೆಲ್ಲರನ್ನೂ ಫ್ರೌ ಎಂದೇ ಸಂಬೋಧಿಸತಕ್ಕದ್ದೆಂದು ವಿಧಿಸಿತು. ಪುರುಷನ ‘ಹೆರ್’ ಎಂಬ ಬಿರುದು ಅವನ ಮದುವೆಯನ್ನು ಎಂದೂ ವಿಚಾರಿಸಿರಲಿಲ್ಲ.

ನಮ್ಮಲ್ಲಿ ಶ್ರೀಮತಿ, ಕುಮಾರಿಗಳ ವಿಭಾಗ ಇನ್ನೂ ನಡೆದಿದೆ. ಮರಾಠಿಯ ಸಂಪರ್ಕವಿದ್ದ ಮನೆತನಗಳ ಹಳೆಯ ಪತ್ರಗಳಲ್ಲಿ ಸುಮಂಗಲಿಗೆ ‘ಸೌ.’, ವಿಧವೆಗೆ ‘ಗಂ. ಭಾ.’ — ಗಂಗಾಭಾಗೀರಥಿ. ಪವಿತ್ರ ನದಿಯ ಹೆಸರೇ ಆದರೂ, ಲಕೋಟೆ ಕೈಗೆ ಬಂದಾಗಲೆಲ್ಲ ಆಕೆಯ ವೈಧವ್ಯವನ್ನು ಅಂಚೆಯವನೂ ಓದಿದಂತಾಗುತ್ತಿತ್ತು. ಇಂಥ ಗುರುತುಗಳನ್ನು ಬಿಡಲು ಕನ್ನಡಕ್ಕೆ ಸಚಿವಾಲಯದ ಆಜ್ಞೆ ಬೇಕಿಲ್ಲ; ಹೆಸರಿನ ಮುಂದೇನೂ ಬರೆಯದೆ ಕೊನೆಗೆ ‘ಅವರಿಗೆ’ ಎಂದರೆ ಗೌರವಕ್ಕೆ ಲೋಪವಿಲ್ಲ. ಉಪ್ಪಲ್‌ನ ಮಗುವಿಗೂ ‘ಅತ್ತೆ ಬಂದರು’ ಎಂದು ತಿದ್ದಿ ಹೇಳಿದರೆ ಸಾಕು. ಅದು ‘ವಚ್ಚಾರು’ ಎಂಬುದನ್ನು ಆಗಲೇ ಬಲ್ಲದು. ಉತ್ತರ ಕನ್ನಡದ ಶಾಲೆಗಳಲ್ಲಿ ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುವ ರೂಢಿಯುಂಟು. ಅಕ್ಕನಿಗೆ ‘ಅವರು’ ಕೂಡಿ ಆದ ಈ ಮಾತು ಮದುವೆಯಾದವರಿಗೂ ಆಗದವರಿಗೂ ಒಂದೇ.