ಕಾಡು ಮುಗಿದು ಹುಲ್ಲು ಹುಟ್ಟುವಲ್ಲಿ

ಕೆಮ್ಮಣ್ಣುಗುಂಡಿಯ ರಾಜಭವನದ ಬಳಿಯಿಂದ ಝೆಡ್ ಪಾಯಿಂಟ್‌ಗೆ ಹೋಗುವ ಕಾಲುದಾರಿ ಸುಮಾರು ಮೂರು ಕಿಲೋಮೀಟರ್. ಗಿರಿಧಾಮವೇ ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿರುವುದರಿಂದ ಹತ್ತುವ ಕಷ್ಟವನ್ನೆಲ್ಲ ತರೀಕೆರೆ, ಲಿಂಗದಹಳ್ಳಿ ಕಡೆಯಿಂದ ಬರುವ ಘಾಟಿ ರಸ್ತೆಯೇ ಮುಗಿಸಿಕೊಟ್ಟಿರುತ್ತದೆ. ಉಳಿದದ್ದು ಬೆಟ್ಟದ ಪಕ್ಕೆ ಹಿಡಿದು ನಡೆಯುವುದಷ್ಟೇ. ಶಾಲೆಗೆ ಹೋಗುವ ಮಕ್ಕಳು ಓಡಿಕೊಂಡು ಮುಂದೆ ಹೋಗುತ್ತಾರೆ, ಅಜ್ಜಿ ಕೋಲೂರಿಕೊಂಡು ಹಿಂದೆ ಬರುತ್ತಾರೆ, ನಡುವೆ ಶಾಂತಿ ಜಲಪಾತದ ಹತ್ತಿರ ಎಲ್ಲರೂ ಒಂದಾಗುತ್ತಾರೆ. ಕೊನೆಯ ತುಂಡು ಮಾತ್ರ ಇಕ್ಕಟ್ಟು, ಒಂದು ಬದಿಗೆ ಕಣಿವೆ. ಅಲ್ಲಿ ಮಕ್ಕಳ ಕೈ ಬಿಡಬಾರದು.

ಈ ದಾರಿಗೆ ಬರುವ ಹೆಚ್ಚಿನವರ ಕಣ್ಣು ಕೊನೆಯಲ್ಲಿ ಸಿಗುವ ನೋಟದ ಮೇಲೆ. ನನ್ನ ಕಣ್ಣು ದಾರಿಯಲ್ಲೇ ಸಿಗುವ ಒಂದು ಗೆರೆಯ ಮೇಲೆ. ಇಲ್ಲಿ ಕಾಡು ನಿಧಾನಕ್ಕೆ ತೆಳುವಾಗಿ ಮುಗಿಯುವುದಿಲ್ಲ, ಥಟ್ಟನೆ ನಿಲ್ಲುತ್ತದೆ. ಕಣಿವೆಯ ಮಡಿಲಲ್ಲಿ ಕುಳ್ಳಗೆ, ಒತ್ತೊತ್ತಾಗಿ, ಪಾಚಿ ಮೆತ್ತಿಕೊಂಡ ಮರಗಳು. ಒಂದು ಹೆಜ್ಜೆ ಆಚೆಗಿಟ್ಟರೆ ಸೊಂಟದವರೆಗೆ ಹುಲ್ಲು, ಮುಖಕ್ಕೆ ಗಾಳಿ, ಗುಡ್ಡದ ನೆತ್ತಿಯವರೆಗೂ ಒಂದು ಮರವಿಲ್ಲ. ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಈ ಜೋಡಿ ಪಶ್ಚಿಮಘಟ್ಟದ ಎತ್ತರದ ಬೆಟ್ಟಗಳಿಗೆ ಮಾತ್ರ ಸೇರಿದ್ದು. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಕುದುರೆಮುಖ, ದಕ್ಷಿಣಕ್ಕೆ ನೀಲಗಿರಿ, ಮುನ್ನಾರ್‌ಗಳಲ್ಲಿ ಇದನ್ನು ಕಾಣಬಹುದು.

ಮರಗಳೇಕೆ ಅಲ್ಲಿಗೇ ನಿಂತವು? ಯಾರೋ ಕಡಿದು ಹಾಕಿರಬೇಕು ಎಂದು ನೋಡಿದವರಿಗೆ ತೋರುವುದು ಸಹಜ. ವಿಜ್ಞಾನಿಗಳಲ್ಲೂ ಬಹುಕಾಲ ಈ ವಾದವಿತ್ತು: ದನಗಾಹಿಗಳು ಬೆಂಕಿಯಿಟ್ಟು, ಮೇಯಿಸಿ ಕಾಡನ್ನು ಹುಲ್ಲಾಗಿಸಿದರು ಎಂದು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ನೆಲದಲ್ಲಿ ಪದರಪದರವಾಗಿ ಕೂತಿದ್ದ ಹಳೆಯ ಸಸ್ಯಾವಶೇಷವನ್ನು ತೆಗೆದು ಪರೀಕ್ಷಿಸಿದರು. ಹುಲ್ಲು ಬಿಟ್ಟುಹೋಗುವ ಇಂಗಾಲದ ಗುರುತು ಬೇರೆ, ಮರ ಬಿಟ್ಟುಹೋಗುವುದು ಬೇರೆ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನ ಇಪ್ಪತ್ತು ಸಾವಿರ ವರ್ಷಗಳ ಕಥೆ ಹೇಳಿತು. ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ಮಳೆ ಹೆಚ್ಚಿದಾಗ ಹಿಮ್ಮೆಟ್ಟಿದೆ. ಕೊಡಲಿ ಹಿಡಿದ ಮನುಷ್ಯ ಬರುವುದಕ್ಕೆ ಎಷ್ಟೋ ಮೊದಲೇ ಹುಲ್ಲು ಅಲ್ಲಿತ್ತು.

ಇಂದಿಗೂ ಗೆರೆಯನ್ನು ಕಾಯುತ್ತಿರುವುದು ಹಲವು ಸಂಗತಿಗಳು. ನೆತ್ತಿಯಲ್ಲಿ ಮಣ್ಣು ತೆಳು, ಗಾಳಿಯ ಹೊಡೆತ ಜೋರು. ಬೆಂಕಿ ಬಿದ್ದರೆ ಮರದ ಸಸಿ ಸತ್ತುಹೋಗುತ್ತದೆ. ಹುಲ್ಲಿನ ಜೀವ ಬುಡದಲ್ಲಿ ಅಡಗಿರುವುದರಿಂದ ಮೊದಲ ಮಳೆಗೇ ಚಿಗುರುತ್ತದೆ. ನೀಲಗಿರಿಯಂಥ ಇನ್ನೂ ಎತ್ತರದ ಕಡೆ ಚಳಿಗಾಲದ ಹಿಮವೂ ಬಯಲಿನಲ್ಲಿ ಹುಟ್ಟಿದ ಸಸಿಗಳನ್ನು ಸುಡುತ್ತದೆ. ಕಣಿವೆಯ ಮಡಿಲಲ್ಲಿ ಮಣ್ಣೂ ಆಳ, ತೇವವೂ ಹೆಚ್ಚು, ಗಾಳಿಯ ಮರೆಯೂ ಇದೆ. ಮರ ಅಲ್ಲಿ ನೆಲೆಸಿತು.

ಇದು ತಿಳಿಯದೆ, ಮರವಿಲ್ಲದ ಬೆಟ್ಟವನ್ನು ಬ್ರಿಟಿಷರ ಕಾಲದಿಂದಲೂ ಪಾಳುಭೂಮಿಯೆಂದು ಬರೆದುಕೊಂಡು ಬರಲಾಯಿತು. ಊಟಿಯ ಸುತ್ತ ವಾಟಲ್, ಪೈನ್, ನೀಲಗಿರಿ ಮರಗಳನ್ನು ನೆಟ್ಟು ಹುಲ್ಲನ್ನು ಮುಚ್ಚಿದರು. ಹಸಿರು ಮಾಡುವ ಒಳ್ಳೆಯ ಮನಸ್ಸಿನಿಂದಲೇ ಆ ಕೆಲಸ ನಡೆಯಿತು ಎನ್ನುವುದು ಹೆಚ್ಚು ನೋವು ಕೊಡುತ್ತದೆ.

ಊಟಿಯಿಂದ ಮತ್ತೆ ನಮ್ಮ ದಾರಿಗೆ ಬರೋಣ. ಕೆಮ್ಮಣ್ಣುಗುಂಡಿಯ ಇತಿಹಾಸವನ್ನು ಕೇಳಿದರೆ ಎಲ್ಲರೂ ಎರಡು ಮಾತು ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಇಲ್ಲಿಗೆ ಬರುತ್ತಿದ್ದರು, ಅದಕ್ಕೇ ಇದು ಕೃಷ್ಣರಾಜೇಂದ್ರ ಗಿರಿಧಾಮ. ಇನ್ನೊಂದು, ಅದಿರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹತ್ತಿಕೊಂಡಾಗ ಅದಕ್ಕೆ ಬೇಕಾದ ಅದಿರು ಹೋದದ್ದು ಈ ಗುಡ್ಡಗಳಿಂದ. ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿ ಸೇರುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲನ್ನು ಕೊಟ್ಟದ್ದೂ ಮಲೆನಾಡಿನ ಕಾಡುಗಳೇ. ಈಗ ಗಿರಿಧಾಮ ತೋಟಗಾರಿಕೆ ಇಲಾಖೆಯದು. ಗುಲಾಬಿ ತೋಟ, ವಸತಿಗೃಹಗಳಿವೆ.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಇಂಬಳಗಳ ಕಾಟ, ಜೊತೆಗೆ ಉಪ್ಪೋ ಸುಣ್ಣವೋ ಇರಲಿ. ಮಳೆ ಬಿಟ್ಟ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹುಲ್ಲು ಇನ್ನೂ ಹಸಿರಾಗಿರುವಾಗ ಹೋಗುವುದು ಒಳ್ಳೆಯದು. ಬೆಳಗ್ಗೆ ಬೇಗ ಹೊರಟರೆ ಮಂಜು ಏಳುವುದನ್ನು ನೋಡಬಹುದು. ಚಿತ್ರಾನ್ನದ ಬುತ್ತಿ, ನೀರು ಕಟ್ಟಿಕೊಂಡು ಹೋಗಿ, ಖಾಲಿ ಬಾಟಲಿಯನ್ನು ವಾಪಸ್ ತನ್ನಿ. ಫೆಬ್ರುವರಿ ಹೊತ್ತಿಗೆ ಹುಲ್ಲೆಲ್ಲ ಒಣಗಿರುತ್ತದೆ, ಆಗ ಬೀಡಿಯ ಒಂದು ಕಿಡಿ ಸಾಕು. ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಜೀಪು, ಬೈಕು ಹತ್ತಿಸುವವರನ್ನು ಕಂಡರೆ ದಯವಿಟ್ಟು ಅವರಿಗೆ ಹೇಳಿ. ಚಕ್ರ ತುಳಿದ ಇಳಿಜಾರಿನಲ್ಲಿ ಮುಂದಿನ ಮಳೆಗೆ ಮಣ್ಣೇ ಕಿತ್ತುಕೊಂಡು ಹೋಗುತ್ತದೆ.

ಆ ಮಣ್ಣು ಹೋದರೆ ನಷ್ಟ ಬೆಟ್ಟಕ್ಕೆ ಮಾತ್ರವಲ್ಲ. ಮಳೆಯ ನೀರನ್ನು ಹುಲ್ಲು ಮತ್ತು ಶೋಲಾ ಹಿಡಿದಿಟ್ಟು ತಿಂಗಳುಗಟ್ಟಲೆ ಬಿಡುತ್ತವೆ. ಪಶ್ಚಿಮಕ್ಕೆ ಇಳಿದ ಹಳ್ಳಗಳು ಭದ್ರೆಗೆ. ಇದೇ ಗಿರಿಶ್ರೇಣಿಯ ಪೂರ್ವಕ್ಕೆ ಇಳಿದವು ವೇದಾ, ಆವತಿಗಳಾಗಿ, ಕೂಡಿ ವೇದಾವತಿಯಾಗಿ, ಬಯಲುಸೀಮೆ ದಾಟಿ ಹಿರಿಯೂರಿನ ಮಾರಿಕಣಿವೆಗೆ. 1907ರಲ್ಲಿ ಅಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ.

ಅದೇ 2022ರಲ್ಲಿ ಇದೇ ಚಂದ್ರದ್ರೋಣ ಗಿರಿಶ್ರೇಣಿಯ ಇಳಿಜಾರುಗಳಲ್ಲಿ ಕುರಿಂಜಿ ಅರಳಿತ್ತು. ಹುಲ್ಲಿನ ನಡುವೆ ವರ್ಷಗಟ್ಟಲೆ ಸುಮ್ಮನಿದ್ದು, ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು, ಬೀಜ ಚೆಲ್ಲಿ ಸಾಯುವ ಗಿಡ ಅದು. ಮರ ನೆಟ್ಟು ನೆರಳು ಮಾಡಿದಲ್ಲಿ ಅದಕ್ಕೆ ಜಾಗವಿಲ್ಲ. ಲೆಕ್ಕದ ಪ್ರಕಾರ ಮುಂದಿನ ಹೂವು 2034ಕ್ಕೆ. 2022ರಲ್ಲಿ ಒಂದನೇ ತರಗತಿಗೆ ಸೇರಿದ್ದ ಮಕ್ಕಳು ಅಷ್ಟರಲ್ಲಿ ಪಿಯುಸಿ ಮುಗಿಸಿರುತ್ತಾರೆ. ಈಗಲೇ ಒಮ್ಮೆ ಅವರನ್ನು ಈ ದಾರಿಯಲ್ಲಿ ನಡೆಸಿ, ಆ ಗೆರೆಯ ಹತ್ತಿರ ನಿಲ್ಲಿಸಿ, ಹುಲ್ಲಿನೊಳಗೆ ಇನ್ನೂ ಮೊಣಕಾಲೆತ್ತರ ಬೆಳೆಯದ ಆ ಗಿಡಗಳನ್ನು ತೋರಿಸಬೇಕು ಎಂದು ನನಗೆ ಆಸೆ.