ವಿಚಾರಣೆಯೇ ನಡೆಯದವರ ಪರ ವಕಾಲತ್ತು

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ. ಊರ ನಡುವಿನ ಕೋರ್ಟ್ ಸ್ಕ್ವೇರ್‌ನಲ್ಲಿ ಒಂದು ಹಳೆಯ ಕಾರಂಜಿಯಿದೆ. ಅದರ ಪಕ್ಕ ನಿಂತರೆ ಡೆಕ್ಸ್‌ಟರ್ ಅವೆನ್ಯೂ ಎಂಬ ಅಗಲ ರಸ್ತೆ ನೇರ ಏರುತ್ತ ಹೋಗಿ ಬಿಳಿ ಗುಮ್ಮಟದ ಶಾಸನಭವನ ಮುಟ್ಟುವುದು ಕಾಣುತ್ತದೆ. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ 1861ರಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಅಲ್ಲಿ. ಅದರಿಂದ ಕೂಗಳತೆಯಲ್ಲಿರುವ ಕೆಂಪು ಇಟ್ಟಿಗೆಯ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದರು. 1955ರ ಡಿಸೆಂಬರ್ 1ರ ಸಂಜೆ ಬಿಳಿಯರಿಗೆ ಸೀಟು ಬಿಡಲೊಪ್ಪದ ರೋಸಾ ಪಾರ್ಕ್ಸ್ ಆ ಬಸ್ಸು ಹತ್ತಿದ್ದು ನಾನು ನಿಂತಿರುವ ಈ ಚೌಕದಲ್ಲಿ. ಅದಕ್ಕೂ ನೂರು ವರ್ಷ ಹಿಂದೆ ಇಲ್ಲಿ ಮನುಷ್ಯರ ಹರಾಜು ನಡೆಯುತ್ತಿತ್ತು.

ಚರಿತ್ರೆಯಲ್ಲಿ ಇಷ್ಟು ದೊಡ್ಡ ಹೆಸರುಗಳಿರುವ ಊರಿಗೆ ನಾನು ಬಂದದ್ದು ಒಬ್ಬ ಕ್ರಿಮಿನಲ್ ವಕೀಲರ ಹೆಜ್ಜೆ ಹುಡುಕಿಕೊಂಡು. ಅವರು ಬ್ರಯನ್ ಸ್ಟೀವನ್‌ಸನ್. ನಮ್ಮೂರುಗಳಲ್ಲಿ ಆರೋಪಿಯ ಪರ ನಿಲ್ಲುವ ವಕೀಲರನ್ನು ಮದುವೆಮನೆಯಲ್ಲೂ ಬಿಡದೆ ಕೇಳುವ ಪ್ರಶ್ನೆಯೊಂದಿದೆ: ‘ಅಂಥವರ ಕೇಸು ಯಾಕ್ರೀ ಹಿಡೀತೀರಿ?’ ಆ ಪ್ರಶ್ನೆಗೆ ಈ ಊರಿನಲ್ಲಿ ಉಕ್ಕಿನಲ್ಲಿ, ಮಣ್ಣಿನಲ್ಲಿ ಬರೆದ ಉತ್ತರವಿದೆ.

ಕಾಮರ್ಸ್ ಸ್ಟ್ರೀಟ್‌ನ ಕಚೇರಿ

ಚೌಕದಿಂದ ನದಿಯ ಕಡೆಗೆ ಇಳಿಯುವ ರಸ್ತೆ ಕಾಮರ್ಸ್ ಸ್ಟ್ರೀಟ್. ದೋಣಿಯಲ್ಲಿ, ರೈಲಿನಲ್ಲಿ ಬಂದಿಳಿದ ಗುಲಾಮರನ್ನು ಸರಪಳಿ ಬಿಗಿದು ಹರಾಜಿಗೆ ನಡೆಸಿಕೊಂಡು ಹೋಗುತ್ತಿದ್ದ ದಾರಿ ಇದು. ಇದೇ ಬೀದಿಯಲ್ಲಿ, ಹಿಂದೆ ಗುಲಾಮರನ್ನು ಕೂಡಿಹಾಕುತ್ತಿದ್ದ ಉಗ್ರಾಣದ ಜಾಗದಲ್ಲಿ ಸ್ಟೀವನ್‌ಸನ್ ಅವರ ಸಂಸ್ಥೆ ‘ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್’ನ ಕಚೇರಿಯಿದೆ.

ಸ್ಟೀವನ್‌ಸನ್ ಹುಟ್ಟಿದ್ದು 1959ರಲ್ಲಿ, ಡೆಲವೇರ್ ರಾಜ್ಯದ ಮಿಲ್ಟನ್ ಎಂಬ ಸಣ್ಣ ಊರಿನಲ್ಲಿ. ಅವರ ಅಜ್ಜಿಯ ತಂದೆತಾಯಿ ಗುಲಾಮರಾಗಿದ್ದವರು. ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಿದ್ದಾಗ ಜಾರ್ಜಿಯಾದ ಜೈಲಿಗೆ ಹೋಗಿ ಮರಣದಂಡನೆಯ ಕೈದಿಯೊಬ್ಬನನ್ನು ಭೇಟಿಯಾದದ್ದು ಅವರ ದಾರಿಯನ್ನು ತೀರ್ಮಾನಿಸಿತು. 1985ರಲ್ಲಿ ಪದವಿ ಮುಗಿಸಿ ಅಟ್ಲಾಂಟಾದಲ್ಲಿ ಬಡ ಕೈದಿಗಳ ಪರ ವಾದಿಸಲು ನಿಂತರು. 1989ರಲ್ಲಿ ಮಾಂಟ್‌ಗೊಮರಿಗೆ ಬಂದು ತಮ್ಮದೇ ಸಂಸ್ಥೆ ಕಟ್ಟಿದರು. ಮರಣದಂಡನೆಗೆ ಗುರಿಯಾದವರಿಗೆ ಸರ್ಕಾರದಿಂದ ಸರಿಯಾದ ಕಾನೂನು ನೆರವೇ ಸಿಗದಿದ್ದ ರಾಜ್ಯ ಅದು.

ಅವರ ಮೊದಮೊದಲ ಕಕ್ಷಿದಾರರಲ್ಲಿ ಒಬ್ಬ ವಾಲ್ಟರ್ ಮೆಕ್‌ಮಿಲಿಯನ್. ಮನ್ರೋವಿಲ್ ಎಂಬ ಊರಿನಲ್ಲಿ 1986ರಲ್ಲಿ ನಡೆದ ಕೊಲೆ ಅವನ ತಲೆಗೆ ಬಂದಿತ್ತು. ಆ ಹೊತ್ತಿನಲ್ಲಿ ಅವನು ಮನೆಯಲ್ಲೇ ಇದ್ದನೆಂದು ಹೇಳುವ ಹತ್ತಾರು ಮಂದಿ ಇದ್ದರು. ಅವರೆಲ್ಲ ಕರಿಯರಾದ್ದರಿಂದ ಅವರ ಮಾತಿಗೆ ತೂಕ ಸಿಗಲಿಲ್ಲ. ವಿಚಾರಣೆ ಶುರುವಾಗುವ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ಸಾಲಿನಲ್ಲಿ ಕೂಡಿಹಾಕಿದರು. ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶರು ಅದನ್ನು ತಳ್ಳಿ ಮರಣದಂಡನೆ ಕೊಟ್ಟರು. ಸ್ಟೀವನ್‌ಸನ್ ಕಡತಗಳನ್ನು ಬಗೆದು, ಸಾಕ್ಷಿಯನ್ನು ಒತ್ತಡ ಹಾಕಿ ಸುಳ್ಳು ಹೇಳಿಸಿದ್ದನ್ನು ಹೊರಗೆಳೆದರು. ಆರು ವರ್ಷದ ಸೆರೆಯ ನಂತರ 1993ರಲ್ಲಿ ಮೆಕ್‌ಮಿಲಿಯನ್ ನಿರ್ದೋಷಿಯಾಗಿ ಹೊರಬಂದ.

ಆಂಥನಿ ರೇ ಹಿಂಟನ್‌ನದು ಇನ್ನೂ ದೀರ್ಘ ಕಥೆ. ಅವನ ಮೇಲಿನ ಕೊಲೆ ಆರೋಪಕ್ಕೆ, ಅವನ ತಾಯಿಯ ಪಿಸ್ತೂಲಿನಿಂದಲೇ ಗುಂಡು ಹಾರಿತ್ತೆಂಬುದೇ ಮುಖ್ಯ ಪುರಾವೆ. ಅದನ್ನು ಅಲ್ಲಗಳೆಯಲು ಒಳ್ಳೆಯ ತಜ್ಞರು ಬೇಕಿತ್ತು. ತಜ್ಞರಿಗೆ ಕೋರ್ಟು 1,000 ಡಾಲರಿಗಿಂತ ಹೆಚ್ಚು ಕೊಡುವುದಿಲ್ಲವೆಂದು ಕೋರ್ಟೇ ನೇಮಿಸಿದ ವಕೀಲರು ತಪ್ಪಾಗಿ ತಿಳಿದರು. ಆ ಹಣಕ್ಕೆ ಸಿಕ್ಕ ತಜ್ಞರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಪಾಟೀಸವಾಲಿನಲ್ಲಿ ಅವರ ಸಾಕ್ಷ್ಯ ನೆಲಕಚ್ಚಿತು. ವಕೀಲರ ಈ ತಪ್ಪನ್ನೇ ಹಿಡಿದು 2014ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹಿಂಟನ್ ಪರ ತೀರ್ಪಿತ್ತಿತು. 2015ರ ಏಪ್ರಿಲ್‌ನಲ್ಲಿ ಅವನು ಬಿಡುಗಡೆಯಾದಾಗ ಹತ್ತಿರಹತ್ತಿರ ಮೂವತ್ತು ವರ್ಷ ಕಳೆದಿತ್ತು. ಮಗನ ದಾರಿ ಕಾದ ತಾಯಿ ಆಗಲೇ ತೀರಿಕೊಂಡಿದ್ದರು.

ಹದಿನೆಂಟರ ಒಳಗಿನವರಿಗೆ, ಎಂದೂ ಹೊರಬರಲಾಗದ ಜೀವಾವಧಿಯನ್ನು ಕಡ್ಡಾಯ ಶಿಕ್ಷೆಯಾಗಿ ವಿಧಿಸಬಾರದೆಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಸ್ಟೀವನ್‌ಸನ್ ಅವರೇ ನಿಂತು ವಾದಿಸಿದ ಮೊಕದ್ದಮೆಯಲ್ಲಿ. ಅನ್ಯಾಯವಾಗಿ ಮರಣದಂಡನೆಗೆ ಗುರಿಯಾದ 140ಕ್ಕೂ ಹೆಚ್ಚು ಕೈದಿಗಳಿಗೆ ಈ ಕಚೇರಿಯಿಂದ ಪರಿಹಾರ ಸಿಕ್ಕಿದೆ. ಎಳವೆಯಲ್ಲೇ ಜೈಲು ಸೇರಿ, ಹೊರಬಂದ ಮೇಲೆ ಲೋಕವೇ ಗೊತ್ತಿಲ್ಲದವರಿಗೆ ಓದು, ಕೆಲಸ, ಬದುಕುವ ತಯಾರಿ ಕೊಡಿಸುವುದನ್ನೂ ಇಲ್ಲಿಯವರೇ ಮಾಡುತ್ತಾರೆ.

ಮಣ್ಣು ತುಂಬಿದ ಜಾಡಿಗಳು

ಇಷ್ಟಕ್ಕೇ ನಿಂತಿದ್ದರೂ ಅದು ತುಂಬು ಬಾಳು. ಆದರೆ ಒಂದು ಕೇಸು ಗೆದ್ದ ಬೆನ್ನಿಗೆ ಅಂಥದೇ ಇನ್ನೊಂದು ಬರುತ್ತಿತ್ತು. ಕರಿಯನೆಂದರೆ ಅಪರಾಧಿ ಎಂದು ಮೊದಲೇ ನಂಬಿಬಿಡುವ ಮನಸ್ಸು ಎಲ್ಲಿಂದ ಬಂತೆಂದು ಸ್ಟೀವನ್‌ಸನ್ ಹಿಂದಕ್ಕೆ ಹುಡುಕುತ್ತ ಹೋದರು. ಆ ಹುಡುಕಾಟವೇ ನಾರ್ತ್ ಕೋರ್ಟ್ ಸ್ಟ್ರೀಟ್‌ನ ಲೆಗಸಿ ಮ್ಯೂಸಿಯಂ. ಗುಲಾಮರು ದುಡಿಯುತ್ತಿದ್ದ ಹತ್ತಿಯ ಗೋದಾಮಿದ್ದ ಜಾಗದಲ್ಲಿ ಅದು ನಿಂತಿದೆ.

ಒಳಗೆ ಕಾಲಿಟ್ಟರೆ ಅಟ್ಲಾಂಟಿಕ್ ಸಾಗರದ ಅಲೆ ಗೋಡೆಯೆತ್ತರಕ್ಕೆ ಏಳುತ್ತದೆ. ಮುಂದೆ ಕಂಬಿಗಳ ಹಿಂದೆ ಬೆಳಕಿನಲ್ಲಿ ಮೂಡಿದ ಗುಲಾಮರ ಆಕೃತಿಗಳು. ಹತ್ತಿರ ಹೋದರೆ ಅವು ಮಾತಾಡುತ್ತವೆ. ಇನ್ನೂ ಮುಂದೆ ಜೈಲಿನ ಸಂದರ್ಶನದ ಕಿಂಡಿಗಳಿವೆ. ಕುರ್ಚಿಯಲ್ಲಿ ಕೂತು ಫೋನಿನ ರಿಸೀವರ್ ಕಿವಿಗಿಟ್ಟರೆ, ಗಾಜಿನಾಚೆ ಕಾಣುವ ಕೈದಿ ತನ್ನ ಕಥೆ ಹೇಳಲು ಶುರುಮಾಡುತ್ತಾನೆ. ವಕೀಲರು ದಿನವೂ ಕೂರುವ ಕುರ್ಚಿಯಲ್ಲಿ ಇಲ್ಲಿ ನಮ್ಮನ್ನು ಕೂರಿಸಿದ್ದಾರೆ.

ನಾನು ಹೆಚ್ಚು ಹೊತ್ತು ನಿಂತದ್ದು ಜಾಡಿಗಳ ಮುಂದೆ. ಗೋಡೆಯುದ್ದಕ್ಕೂ ಸಾಲುಸಾಲು ಗಾಜಿನ ಜಾಡಿ, ಒಂದೊಂದರ ಮೇಲೂ ಒಂದು ಹೆಸರು, ಊರು, ತಾರೀಖು. ಒಳಗಿರುವುದು ಮಣ್ಣು. ವಿಚಾರಣೆಯೇ ಇಲ್ಲದೆ ಗುಂಪು ಸೇರಿ ಆ ಹೆಸರಿನ ಕರಿಯರನ್ನು ಕೊಂದ ಜಾಗ ಹುಡುಕಿ, ಅಲ್ಲಿಯ ವಂಶಸ್ಥರು, ಊರವರು ತಮ್ಮ ಕೈಯಾರೆ ಅಗೆದು ತುಂಬಿದ್ದು. ಕೆಲವು ಇಟ್ಟಿಗೆಯಂತೆ ಕೆಂಪು, ಕೆಲವು ನಮ್ಮ ಎರೆಮಣ್ಣಿನಂತೆ ಕಪ್ಪು, ಕೆಲವು ಬರೀ ಮರಳು. ಹೆಸರು ಗೊತ್ತಿಲ್ಲದವರ ಜಾಡಿಯೂ ಇದೆ.

ತಲೆಯ ಮೇಲೆ ತೂಗುವ ಕಂಬಗಳು

ಮ್ಯೂಸಿಯಮ್ಮಿನಿಂದ ಸ್ವಲ್ಪ ದೂರದ ದಿಬ್ಬದ ಮೇಲೆ ಆರು ಎಕರೆಯಲ್ಲಿ ಶಾಂತಿ ಮತ್ತು ನ್ಯಾಯದ ರಾಷ್ಟ್ರೀಯ ಸ್ಮಾರಕವಿದೆ. 2018ರ ಏಪ್ರಿಲ್ 26ರಂದು ಅದನ್ನು ತೆರೆದರು. 1877ರಿಂದ 1950ರವರೆಗೆ ಗುಂಪುಗಳು ಕೊಂದ ಕರಿಯರಲ್ಲಿ 4,400ಕ್ಕೂ ಹೆಚ್ಚು ಮಂದಿಯನ್ನು ಸ್ಟೀವನ್‌ಸನ್ ಅವರ ಸಂಸ್ಥೆ ದಾಖಲೆ ಹುಡುಕಿ ಗುರುತಿಸಿದೆ. ಅವರ ಹೆಸರಿನಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು. ನಮ್ಮ ಜಿಲ್ಲೆಯಂತೆ ಅಲ್ಲಿ ಕೌಂಟಿ. ಕೊಲೆ ನಡೆದ ಕೌಂಟಿಗೊಂದು ಕಂಬ, ಆರಡಿ ಎತ್ತರ.

ಮೊದಲು ಕಂಬಗಳು ನಮ್ಮ ಎದುರಿಗೇ ನಿಂತಿರುತ್ತವೆ; ಹೆಸರು ಓದಬಹುದು, ಮುಟ್ಟಬಹುದು. ನಡೆಯುತ್ತ ಹೋದಂತೆ ನೆಲ ಇಳಿಜಾರಾಗುತ್ತದೆ, ಕಂಬಗಳು ಇದ್ದಲ್ಲೇ ಇರುತ್ತವೆ. ಕೊನೆಗೆ ಅವು ತಲೆಯ ಮೇಲೆ ನೇತಾಡುತ್ತವೆ. ಮರಕ್ಕೆ ನೇಣು ಹಾಕಿದವರನ್ನು ಕೆಳಗೆ ನಿಂತು ನೋಡುತ್ತಿದ್ದ ಗುಂಪಿನ ಜಾಗದಲ್ಲಿ ನಾವು ನಿಂತಿದ್ದೇವೆಂದು ಆಗ ತಿಳಿಯುತ್ತದೆ. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಪಕ್ಕದ ಗೋಡೆಯ ಫಲಕಗಳಲ್ಲಿ ಒಬ್ಬೊಬ್ಬರ ‘ತಪ್ಪು’ ಒಂದೊಂದು ಸಾಲಿನಲ್ಲಿದೆ. 1940ರಲ್ಲಿ ಅಲಬಾಮಾದ ಲುವರ್ನ್ ಎಂಬಲ್ಲಿ ಜೆಸ್ಸಿ ಥಾರ್ನ್‌ಟನ್‌ನನ್ನು ಕೊಂದದ್ದು, ಬಿಳಿಯ ಪೊಲೀಸನ ಹೆಸರಿನ ಮುಂದೆ ‘ಮಿಸ್ಟರ್’ ಎನ್ನಲಿಲ್ಲವೆಂದು. 1918ರಲ್ಲಿ ಜಾರ್ಜಿಯಾದ ಮೇರಿ ಟರ್ನರ್‌ಳನ್ನು ಕೊಂದದ್ದು, ತನ್ನ ಗಂಡನನ್ನು ಗುಂಪು ಕೊಂದದ್ದು ಅನ್ಯಾಯವೆಂದಳೆಂದು. ಅವಳು ತುಂಬು ಬಸುರಿ.

ಈ ಸ್ಮಾರಕವನ್ನು ವಕೀಲರೊಬ್ಬರು ಯಾಕೆ ಕಟ್ಟಿಸಿದರೆಂಬುದು ಆ ಗೋಡೆಯ ಮುಂದೆ ನನಗೆ ಅರ್ಥವಾಯಿತು. ಇವರಿಗೆ ಆರೋಪಪಟ್ಟಿ ಇರಲಿಲ್ಲ, ಕಟಕಟೆ ಇರಲಿಲ್ಲ, ಪಾಟೀಸವಾಲು ಇರಲಿಲ್ಲ, ಅವರ ಪರ ಎದ್ದುನಿಂತು ಒಂದು ಮಾತಾಡುವವರಿರಲಿಲ್ಲ. ಸತ್ತವರ ಪರ ಸ್ಟೀವನ್‌ಸನ್ ಹಾಕಿದ ವಕಾಲತ್ತು ಇದು. ಹೆಸರು, ತಾರೀಖು, ಜಾಗ, ಕಾರಣ: ಕೋರ್ಟಿನ ಕಡತದಲ್ಲಿ ಇರಬೇಕಾದದ್ದೆಲ್ಲ ಉಕ್ಕಿನ ಮೇಲೆ, ಫಲಕಗಳ ಮೇಲೆ ಕೂತಿದೆ. ಹೊರಗಿನ ಹುಲ್ಲಿನ ಮೇಲೆ ಅವೇ ಕಂಬಗಳ ಪಡಿಯಚ್ಚುಗಳು ಶವಪೆಟ್ಟಿಗೆಗಳಂತೆ ಮಲಗಿವೆ. ಆಯಾ ಕೌಂಟಿಯವರು ತಮ್ಮ ಪಾಲಿನದನ್ನು ಒಪ್ಪಿಕೊಂಡು ಊರಿಗೆ ಒಯ್ದು ನಿಲ್ಲಿಸಲಿ ಎಂಬ ಆಸೆಯಿಂದ ಮಾಡಿಸಿದ್ದು.

ನದಿಯ ದಂಡೆಯಲ್ಲಿ

ಕೊನೆಯದು ಅಲಬಾಮಾ ನದಿಯ ಬದಿಯ ಶಿಲ್ಪೋದ್ಯಾನ, 2024ರಲ್ಲಿ ತೆರೆದದ್ದು. ತೆರೆದಿಟ್ಟ ಪುಸ್ತಕದಂತಿರುವ 43 ಅಡಿ ಎತ್ತರದ ಗೋಡೆಯಲ್ಲಿ 1,22,000ಕ್ಕೂ ಹೆಚ್ಚು ಮನೆತನದ ಹೆಸರುಗಳಿವೆ. ಬಿಡುಗಡೆಯಾದ ಗುಲಾಮರು 1870ರ ಜನಗಣತಿಯಲ್ಲಿ ಮೊದಲ ಬಾರಿಗೆ ಬರೆಸಿದ ಹೆಸರುಗಳವು. ತಮ್ಮ ಮನೆತನದ ಹೆಸರನ್ನು ಬೆರಳಿನಿಂದ ಹುಡುಕುವವರು ಅಲ್ಲಿ ಸದಾ ಇರುತ್ತಾರೆ. ಮೂರೂ ಜಾಗಗಳಿಗೆ ಸೇರಿ ಒಂದೇ ಟಿಕೆಟ್ಟು. ಅಟ್ಲಾಂಟಾದಿಂದ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಅಲ್ಲಿರುವ ಕನ್ನಡಿಗರು ಮಕ್ಕಳೊಂದಿಗೆ ಒಂದು ಇಡೀ ದಿನ ಇಟ್ಟುಕೊಂಡು ಹೋಗಬೇಕು.

ವಾಪಸು ಬರುವಾಗ ನಮ್ಮ ಕೋರ್ಟುಗಳ ಮೊಗಸಾಲೆ ನೆನಪಾಯಿತು. ಇಂಥ ಆರೋಪಿಯ ಪರ ಯಾರೂ ನಿಲ್ಲಕೂಡದೆಂದು ನಮ್ಮಲ್ಲೂ ವಕೀಲರ ಸಂಘಗಳು ಆಗಾಗ ಠರಾವು ಮಾಡುತ್ತವೆ. ಅಂಥ ಠರಾವುಗಳಿಗೆ ಬೆಲೆಯಿಲ್ಲ, ಅವು ಸಂವಿಧಾನಕ್ಕೆ ವಿರುದ್ಧ ಎಂದು 2010ರಲ್ಲೇ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆನ್ನುತ್ತದೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ನಿಮ್ಮ ಊರಿನಲ್ಲಿ, ನಿಮ್ಮ ಕೇರಿಯಲ್ಲಿ ಯಾರಾದರೂ ವಕೀಲರಿಲ್ಲದೆ ಜೈಲಿನಲ್ಲಿದ್ದರೆ ಅವರ ಮನೆಯವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತೋರಿಸಿ. ಅಲ್ಲಿಯವರೆಗೆ ಹೋಗಲಾಗದಿದ್ದರೆ 15100ಕ್ಕೆ ಫೋನು ಮಾಡಲು ಹೇಳಿ.