ಆನೆಯ ಬೆನ್ನಿನಿಂದ ಬಾನಿಗೆ

ದಸ್ತಗೀರ ಎಂಬ ಹೆಸರು ನಮ್ಮ ರಾಯಚೂರು ಸೀಮೆಯ ಕಿವಿಗೆ ಹೊಸದಲ್ಲ. ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಸಂತೆಯ ನಡುವೆ ನಿಂತು ಆ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಇಬ್ಬರು ಮೂವರಾದರೂ ತಿರುಗಿ ನೋಡಿಯಾರು. ಪಾರಸಿಯಲ್ಲಿ ಅದರ ಅರ್ಥ ‘ಕೈಹಿಡಿಯುವವನು’; ಬಗದಾದಿನ ಸಂತ ಅಬ್ದುಲ್ ಖಾದಿರ್ ಜೀಲಾನಿಯವರಿಗೆ ಭಕ್ತರು ಕೊಟ್ಟ ಬಿರುದು ಅದು. ಆ ಹೆಸರನ್ನು ಹೊತ್ತ ಕನ್ನಡನಾಡಿನ ಹುಡುಗನೊಬ್ಬ ‘ಬಗದಾದಿನ ಕಳ್ಳ’ನಾಗಿ ಜಗತ್ತಿನ ಬೆಳ್ಳಿತೆರೆಯ ಮೇಲೆ ಮೆರೆದು, ಮುಖದ ಬಣ್ಣವನ್ನು ಕಳಚಿಟ್ಟು ಮಹಾಯುದ್ಧದ ವಿಮಾನವನ್ನೇರಿದ ಸಂಗತಿ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಹಾಲಿವುಡ್ಡಿನ ತಾರೆಯರ ಹೆಸರುಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ವಿದ್ಯಾರ್ಥಿಗಳು ಕೂಡ ಸಾಬು ದಸ್ತಗೀರ ಯಾರೆಂದರೆ ಸುಮ್ಮನಾಗುವುದನ್ನು ನಾನು ಕಂಡಿದ್ದೇನೆ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಮೈಸೂರು ಸಂಸ್ಥಾನದ ಹೆಗ್ಗಡದೇವನಕೋಟೆಯ ಕಾಡುಸೀಮೆಯ ಕಾರಾಪುರದಲ್ಲಿ. ಕಪಿಲೆಯ ದಂಡೆಯ ಆ ಕಾಡೆಂದರೆ ಸಾಹಿತ್ಯದ ಓದುಗರಿಗೆ ಮಾಸ್ತಿಯವರ ‘ಕಾಕನಕೋಟೆ’ ನಾಟಕ ನೆನಪಾದೀತು. ಇತರರಿಗೆ ಖೆಡ್ಡಾ ನೆನಪಾದೀತು. ಕಾಡಾನೆಗಳ ಹಿಂಡನ್ನು ತಮಟೆ ಬೆಂಕಿಗಳಿಂದ ಬೆದರಿಸಿ, ನದಿ ದಾಟಿಸಿ, ದಿಮ್ಮಿಗಳ ಕೊಟ್ಟಿಗೆಯೊಳಕ್ಕೆ ನೂಕಿ ಸೆರೆಹಿಡಿಯುವ ಆ ಸಾಹಸ 1971ರವರೆಗೂ ಅಲ್ಲಿ ನಡೆಯಿತು. ಸಾಬುವಿನ ತಂದೆ ಅರಮನೆಯ ಸೇವೆಯಲ್ಲಿದ್ದ ಮಾವುತ. ತಂದೆತಾಯಿಗಳಿಬ್ಬರನ್ನೂ ಎಳವೆಯಲ್ಲಿಯೇ ಕಳೆದುಕೊಂಡ ಹುಡುಗನಿಗೆ ಅರಮನೆಯ ಆನೆಲಾಯವೇ ಮನೆಯಾಯಿತು, ಶಾಲೆಯೂ ಆಯಿತು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ಹಿಮಪ್ರದೇಶದ ಜನರ ಬಾಳನ್ನು ಕುರಿತು 1922ರಲ್ಲಿ ‘ನಾನೂಕ್’ ಚಿತ್ರ ತೆಗೆದು ವಿಖ್ಯಾತನಾಗಿದ್ದವನು ಆತ. ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ, ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾನ ಸಂಸ್ಥೆಗಾಗಿ ಆನೆಯ ಚಿತ್ರ ತೆಗೆಯುವುದು ಅವನ ಉದ್ದೇಶ. ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ರತಂಡಕ್ಕೆ ಚಿತ್ತರಂಜನ ಮಹಲನ್ನು ಬಿಟ್ಟುಕೊಟ್ಟರು. ನಾಯಕನ ಪಾತ್ರಕ್ಕೆ ಹುಡುಗನನ್ನು ಹುಡುಕುತ್ತಿದ್ದ ತಂಡದ ಛಾಯಾಗ್ರಾಹಕ ಓಸ್ಮಂಡ್ ಬೊರಡೇಲನ ಕಣ್ಣಿಗೆ ಸಾಬು ಬಿದ್ದ. ಅರಮನೆಯ ಆನೆ ಐರಾವತ, ಚಿತ್ರದಲ್ಲಿ ‘ಕಾಲಾ ನಾಗ’ನಾಯಿತು. ಆನೆಯ ಕಿವಿಗಳ ಹಿಂದೆ ಕಾಲ್ಬೆರಳೊತ್ತಿ ಅದನ್ನು ನಡೆಸುವ ವಿದ್ಯೆಯನ್ನು ಹುಡುಗನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಳಿದ ಭಾಗವನ್ನು ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಚಿತ್ರಿಸಿದ. ‘ಎಲಿಫೆಂಟ್ ಬಾಯ್’ 1937ರಲ್ಲಿ ಬಿಡುಗಡೆಯಾಗಿ, ಆ ವರ್ಷ ವೆನಿಸ್ ಉತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿಯನ್ನು ಪಡೆಯಿತು. ಅಣ್ಣ ಶೇಕ್ ದಸ್ತಗೀರನೊಡನೆ ಕಡಲು ದಾಟಿದ ಸಾಬು ಹದಿಮೂರನೆಯ ವಯಸ್ಸಿನಲ್ಲಿ ಲೋಕಪ್ರಸಿದ್ಧನಾದ.

ಕೀರ್ತಿ ಬಂದಿತೇನೋ ನಿಜ. ಆದರೆ ಅದು ಎಂಥ ಕೀರ್ತಿ ಎಂಬುದನ್ನೂ ನಾವು ಕೇಳಿಕೊಳ್ಳಬೇಕು. 1938ರ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ಬ್ರಿಟಿಷರಿಗೆ ನಿಷ್ಠನಾದ ಗಡಿನಾಡಿನ ರಾಜಕುಮಾರ. ಸಾಮ್ರಾಜ್ಯವನ್ನು ಹೊಗಳಲೆಂದೇ ಹೊಸೆದಂತಿದ್ದ ಆ ಚಿತ್ರವನ್ನು ಮುಂಬಯಿಯ ಜನ ಬೀದಿಗಿಳಿದು ಪ್ರತಿಭಟಿಸಿದರು. 1940ರ ‘ದಿ ಥೀಫ್ ಆಫ್ ಬಗ್ದಾದ್’ ಮಾತ್ರ ಅಪ್ಪಟ ಅದ್ಭುತರಮ್ಯ ಕಥೆ. ಇಂಗ್ಲೆಂಡಿನಲ್ಲಿ ಪ್ರಾರಂಭವಾದ ಅದರ ಚಿತ್ರೀಕರಣ, ಯುದ್ಧ ಸಿಡಿದುದರಿಂದ ಅಮೆರಿಕಕ್ಕೆ ಸ್ಥಳಾಂತರಗೊಂಡಿತು. ಸಾಬುವಿನ ಬಾಳೂ ಅದರೊಡನೆ ಅಲ್ಲಿಗೇ ಹೋಯಿತು. 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿಯಾದ. ಅನಂತರ ದೊರೆತವು ಬಹುಮಟ್ಟಿಗೆ ಮರುಳುಗಾಡಿನ, ಇಲ್ಲವೆ ದಕ್ಷಿಣ ಸಮುದ್ರದ ಬಣ್ಣಬಣ್ಣದ ಕಥೆಗಳ ಸೇವಕನ, ಸ್ನೇಹಿತನ ಪಾತ್ರಗಳು. ಮೈಮೇಲೆ ಅಂಗಿಯಿಲ್ಲದ, ತಲೆಗೊಂದು ರುಮಾಲು ಸುತ್ತಿದ ‘ಪೂರ್ವದೇಶದ ಹುಡುಗ’ನಾಗಿಯೇ ಆತ ಅಲ್ಲಿಯ ಪ್ರೇಕ್ಷಕರಿಗೆ ಬೇಕಾಗಿದ್ದ.

ಹೀಗಿರುವಾಗ, 1944ರಲ್ಲಿ, ಇಪ್ಪತ್ತು ವರ್ಷದ ಸಾಬು ಅಮೆರಿಕದ ಪೌರತ್ವ ಪಡೆದು ಆ ದೇಶದ ಸೇನಾ ವಾಯುಪಡೆಯನ್ನು ಸೇರಿದ. ಇದರ ಮಹತ್ವ ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತ್ತು. ಸಾಮಾನ್ಯ ಭಾರತೀಯನಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ನಮ್ಮವರಿಗೆ ಬಾಗಿಲಿಕ್ಕಿದ್ದ ದೇಶಕ್ಕಾಗಿ ನಮ್ಮವನೊಬ್ಬ ಪ್ರಾಣವನ್ನು ಪಣಕ್ಕಿಟ್ಟನೆಂಬುದು ವಿಚಿತ್ರವಾದರೂ ಸತ್ಯ.

ಸಾಬು ವಿಮಾನ ಚಾಲಕನಾಗಿರಲಿಲ್ಲ. ಬಿ-24 ಲಿಬರೇಟರ್ ಎಂಬ ಬಾಂಬರಿನಲ್ಲಿ ಗೋಲಂದಾಜನಾಗಿದ್ದ. ನಾಲ್ಕು ಎಂಜಿನುಗಳ, ಸುಮಾರು ಹತ್ತು ಮಂದಿಯ ಆ ವಿಮಾನದಲ್ಲಿ ಅವನ ಸ್ಥಾನ ಕೆಲವೊಮ್ಮೆ ಬಾಲದ ತುದಿ, ಕೆಲವೊಮ್ಮೆ ಹೊಟ್ಟೆಯ ಕೆಳಗೆ ತೂಗುವ ಗೋಳ. ಚಾಲಕನಿಗೆ ಹೋಗುವ ದಾರಿ ಕಾಣುತ್ತದೆ. ಬಾಲದವನಿಗೆ ಕಾಣುವುದು ಹಿಂದೆ ಸರಿಯುವ ಆಕಾಶ, ಮತ್ತು ಅದರೊಳಗಿಂದ ಎರಗಿ ಬರುವ ಶತ್ರು. ಸಂಗಾತಿಗಳಿಂದ ದೂರ, ಕೊರೆಯುವ ಚಳಿಯಲ್ಲಿ, ಗಂಟೆಗಟ್ಟಲೆ ಒಬ್ಬನೇ ಮುದುಡಿ ಕುಳಿತಿರಬೇಕು. ಶಾಂತಸಾಗರದ ರಂಗದಲ್ಲಿ ಬಹುದೂರದ ದಾಳಿಗಳಿಗೆ ಹೆಸರಾದ 307ನೆಯ ಬಾಂಬರ್ ಪಡೆಯಲ್ಲಿ ಸಾಬು ಹತ್ತಾರು ಬಾರಿ ಹೀಗೆ ಹಾರಿದ. ಅವನ ಶೌರ್ಯಕ್ಕೆ ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ಸಂದಿತು.

ಹೆಸರಾಂತ ನಟರು ಸೈನಿಕರನ್ನು ರಂಜಿಸುತ್ತ ಯುದ್ಧಕಾಲವನ್ನು ಕಳೆಯುವುದು ಆಗ ಅಪರೂಪವೇನೂ ಆಗಿರಲಿಲ್ಲ. ಅದಕ್ಕೆ ಹೊರತಾದವರೂ ಇದ್ದರು. ಜೇಮ್ಸ್ ಸ್ಟೂಅರ್ಟ್ ಇದೇ ಬಿ-24 ವಿಮಾನದ ಚಾಲಕನಾಗಿ ಯೂರೋಪಿನ ಮೇಲೆ ಹಾರಿ ಇದೇ ಪದಕ ಪಡೆದ. ‘ಬಗದಾದಿನ ಕಳ್ಳ’ನ ಜೊತೆ ರಾಜನಾಗಿ ನಟಿಸಿದ್ದ ಜಾನ್ ಜಸ್ಟಿನ್ ಬ್ರಿಟಿಷ್ ವಾಯುಪಡೆಯಲ್ಲಿ ಹಾರಾಟ ಕಲಿಸುವ ಶಿಕ್ಷಕನಾದ. ಆದರೆ ಸ್ಟೂಅರ್ಟ್ ಪ್ರಿನ್‌ಸ್ಟನ್ನಿನ ಪದವೀಧರ, ಯುದ್ಧಕ್ಕೆ ಮೊದಲೇ ವಿಮಾನ ನಡೆಸಬಲ್ಲವನಾಗಿದ್ದವನು. ಕಾರಾಪುರದ ತಬ್ಬಲಿ ಅದೇ ಪದಕದವರೆಗೆ ನಡೆದ ದಾರಿ ಎಷ್ಟು ಉದ್ದವೆಂಬುದನ್ನು ಓದುಗರೇ ಅಳೆದುಕೊಳ್ಳಲಿ.

ಇತ್ತ ನಮ್ಮ ಎಡೆದೊರೆ ನಾಡಿಗೂ ಯುದ್ಧವಿಮಾನಕ್ಕೂ ಒಂದು ನಂಟಿತ್ತು. ರಾಯಚೂರು ಆಗ ನಿಜಾಮರ ಆಳ್ವಿಕೆಯ ಜಿಲ್ಲೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ 110ನೆಯ ದಳಕ್ಕೆ ವಿಮಾನಗಳನ್ನು ನಿಜಾಮರು ಕೊಡುಗೆಯಾಗಿ ಕೊಟ್ಟರು. ಆ ದಳ ‘ಹೈದರಾಬಾದ್’ ಎಂಬ ಹೆಸರನ್ನು ಧರಿಸಿತು. ನಿಜಾಮರ ಬೊಕ್ಕಸ ತುಂಬಿದ್ದು ಕಂದಾಯದಿಂದ; ಆ ಕಂದಾಯ ತೆತ್ತವರಲ್ಲಿ ಮಾನ್ವಿ ದೇವದುರ್ಗಗಳ ಜೋಳದ ಹೊಲದವರೂ ಇದ್ದರು. ತಾವು ತೆತ್ತ ಹಣದ ವಿಮಾನವನ್ನು ಕಣ್ಣಾರೆ ಕಾಣದ ರೈತರು ಇಲ್ಲಿ. ತನ್ನದಲ್ಲದ ದೇಶದ ವಿಮಾನದಲ್ಲಿ ಕುಳಿತ ಮಾವುತನ ಮಗ ಅಲ್ಲಿ. 1942ರ ಚಳವಳಿಯ ಅನೇಕ ನಾಯಕರು ಸೆರೆಮನೆಯಲ್ಲಿದ್ದ ಕಾಲದಲ್ಲಿ ಸಾಬು ಪರದೇಶದ ಸಮವಸ್ತ್ರ ತೊಟ್ಟದ್ದನ್ನು ಆಕ್ಷೇಪಿಸುವವರು ಇರಬಹುದು. ನನಗೆ ಹಾಗೆ ತೋರದು. ಅನ್ನವಿತ್ತ ನೆಲದ ಋಣವನ್ನು ಅವನು ತನ್ನ ಮೈಯಿಂದಲೇ ತೀರಿಸಿದ, ಮತ್ತೊಬ್ಬರ ಮೈಯಿಂದಲ್ಲ.

ಯುದ್ಧ ಮುಗಿಸಿ ಬಂದ ವೀರನನ್ನು ಚಿತ್ರರಂಗ ಹಳೆಯ ರುಮಾಲನ್ನು ಹಿಡಿದುಕೊಂಡೇ ಎದುರುಗೊಂಡಿತು. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಒಳ್ಳೆಯ ಪಾತ್ರವೊಂದು ಸಿಕ್ಕಿತು; ಇಟಲಿಯಲ್ಲಿ ಡಿ ಸೀಕಾನೊಡನೆ ನಟಿಸಿದ ಚಿತ್ರ 1952ರಲ್ಲಿ ತೆರೆಕಂಡಿತು. ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಯೊಡನೆ ಆಟವನ್ನೂ ಆಡಿದ. ಪದಕ ಪಡೆದ ಯೋಧನಿಗೆ ಯೋಧನ ಪಾತ್ರ ಕೊಟ್ಟು ದೊಡ್ಡ ಚಿತ್ರ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. 1963ರ ಡಿಸೆಂಬರ್ 2ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅವನ ಕೊನೆಯ ಚಿತ್ರ ತೆರೆಕಂಡದ್ದು ಮರುವರ್ಷ. ಹಾಲಿವುಡ್ಡಿನ ಕಾಲುದಾರಿಯ ಕಲ್ಲುಹಾಸಿನಲ್ಲಿ ಅವನ ಹೆಸರಿನ ನಕ್ಷತ್ರವಿದೆ.

ಅವನ ಬಾಲ್ಯದ ಖೆಡ್ಡಾ ಭೂಮಿಯಲ್ಲಿ ಬಹುಭಾಗ ಈಗ ಕಬಿನಿ ಜಲಾಶಯದ ನೀರಿನಡಿಯಲ್ಲಿದೆ. ನೆಲವನ್ನು ನೀರು ಮುಚ್ಚಿದರೆ ನಾವೇನೂ ಮಾಡಲಾರೆವು. ಹೆಸರನ್ನು ಮರೆವು ಮುಚ್ಚಬಾರದು. ಕನ್ನಡನಾಡಿನ ಸಾಹಸಿಗರನ್ನು ಕುರಿತು ಮಕ್ಕಳಿಗೆ ಹೇಳುವ ಅಧ್ಯಾಪಕರು ಆ ಸಾಲಿನಲ್ಲಿ ಈ ಮಾವುತನ ಮಗನಿಗೂ ಒಂದು ಸ್ಥಾನ ಕೊಡಲಿ. ಕೈಹಿಡಿಯುವವನೆಂಬ ಹೆಸರಿನವನನ್ನು ನಾವು ಕೈಬಿಟ್ಟೆವೆಂಬ ಮಾತು ಬರದಿರಲಿ.